ಗ್ರಾನೈಟ್ ಕೊಯ್ಯುವ ಮೊದಲು: ಹಾಬ್ ಹಾಕಿಸೋದಾ, ಸ್ಟೌವ್ ಸಾಕಾ, ಇಂಡಕ್ಷನ್ ಬೇಕಾ?

ಪ್ರಶ್ನೆ: ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಅಡುಗೆಮನೆಗೆ ಗ್ರಾನೈಟ್ ಹಾಸುವವರು ಮುಂದಿನ ವಾರ ಬರುತ್ತಾರೆ. ಇಂಟೀರಿಯರ್‌ನವರು ನಾಲ್ಕು ಬರ್ನರ್‌ನ ಗ್ಲಾಸ್ ಹಾಬ್ (ಕಲ್ಲು ಕೊಯ್ದು ಕಟ್ಟೆಯೊಳಗೆ ಕೂರಿಸುವ ಗ್ಯಾಸ್ ಒಲೆ) ಹಾಕಿಸಿ, ಈಗ ಎಲ್ಲರೂ ಅದನ್ನೇ ಹಾಕಿಸೋದು ಅನ್ನುತ್ತಾರೆ. ಮಗಳು ಗ್ಯಾಸೇ ಬೇಡ, ಪೂರ್ತಿ ಇಂಡಕ್ಷನ್ ಮಾಡಿಸೋಣ ಅನ್ನುತ್ತಾಳೆ. ಅತ್ತೆಗೆ 74 ವರ್ಷ. ಅವರು ಹಳೇ ಸ್ಟೀಲ್ ಸ್ಟೌವ್ ಬಿಡಲು ತಯಾರಿಲ್ಲ. ಮನೆಯಲ್ಲಿ ಐದು ಜನ, ದಿನಾ ಮುದ್ದೆ ಇಲ್ಲವೇ ಚಪಾತಿ ಇದ್ದೇ ಇರುತ್ತದೆ. ಒಂದು ಸಲ ಹಾಲು ಉಕ್ಕಿ ಉರಿ ಆರಿಹೋಗಿ, ಅತ್ತೆಗೆ ಗೊತ್ತಾಗದೆ ಗ್ಯಾಸ್ ಹಾಗೇ ಹೋಗುತ್ತಿತ್ತು. ಅದೊಂದು ಭಯ ಇದೆ. ನನ್ನ ಎತ್ತರ ಐದಡಿ. ಯಾವುದು ಹಾಕಿಸಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ ಮೇಡಂ. ಗ್ರಾನೈಟ್‌ನವರಿಗೆ ಫೋನ್ ಮಾಡಿ ಎರಡು ಮಾತು ಹೇಳಿ. ಒಲೆ ಬರುವ ಜಾಗದಲ್ಲಿ ತೂತು ಕೊಯ್ಯಬೇಡಿ. ಮತ್ತೆ, ಆ ಜಾಗದ ಕಟ್ಟೆ ಎತ್ತರ ಎಷ್ಟು ಅಂತ ನಾನು ಹೇಳುವವರೆಗೆ ಸ್ಲ್ಯಾಬ್ ಕೂರಿಸಬೇಡಿ. ಇವೆರಡೇ ಆಮೇಲೆ ಸರಿಮಾಡೋಕೆ ಆಗದ ವಿಷಯ. ಒಲೆ ಇಷ್ಟ ಆಗಲಿಲ್ಲ ಅಂದರೆ ಇನ್ನೊಂದು ತರಬಹುದು, ಕೊಯ್ದ ಕಲ್ಲನ್ನು ಅಂಟಿಸೋಕೆ ಆಗಲ್ಲ ಅಲ್ವಾ?

ನನ್ನ ಮನೆಯದೇ ಕಥೆ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಬೇರೆಯವರ ಅಡುಗೆಮನೆಗೆ ಒಲೆ ಕೂರಿಸಿ, ರಿಪೇರಿ ಮಾಡಿ ಬದುಕಿದವನು ನಾನು. ಆದರೂ ನನ್ನ ಮನೆಗೆ ಬಂದಾಗ ಕ್ಯಾಟಲಾಗ್ ನೋಡಿ ಮರುಳಾದೆ. ನಾಲ್ಕು ಬರ್ನರ್ ಹಾಬ್ ತಂದು ಕಪ್ಪು ಗ್ರಾನೈಟ್ ಕೊಯ್ಸಿ ಕೂರಿಸಿದೆ. ಏಳು ವರ್ಷ ಚೆನ್ನಾಗೇ ಇತ್ತು. ಆಮೇಲೆ ಗ್ಲಾಸ್ ಒಡೆಯಿತು. ಆ ಮಾಡೆಲ್ ನಿಂತುಹೋಗಿದೆ, ಗ್ಲಾಸ್ ಸಿಗಲ್ಲ ಅಂದರು. ಹೊಸ ಮಾಡೆಲ್ ತಂದರೆ ಅದು ತೂತಿಗಿಂತ ಎರಡು ಸೆಂಟಿಮೀಟರ್ ಚಿಕ್ಕದು. ಒಂದು ಕಡೆ ಕೂತರೆ ಇನ್ನೊಂದು ಕಡೆ ಒಳಗೆ ಜಾರುತ್ತೆ. ಕೊನೆಗೆ ಸ್ಟೀಲ್ ಪಟ್ಟಿ ಬಾಗಿಸಿ ಸುತ್ತ ಫ್ರೇಮ್ ಮಾಡಿ ಕೂರಿಸಬೇಕಾಯಿತು. ಈಗಲೂ ಆ ಪಟ್ಟಿಯ ಸಂದಿಯಲ್ಲಿ ಸಾಸಿವೆ ಸಿಕ್ಕಿಕೊಳ್ಳುತ್ತೆ, ನನ್ನ ಹೆಂಡತಿ ಹೇರ್‌ಪಿನ್ ಹಿಡಿದು ಅದನ್ನು ತೆಗೆಯುವಾಗೆಲ್ಲ ನನ್ನ ಕಡೆ ಒಂದು ನೋಟ ಬೀರುತ್ತಾಳೆ. ಒಂದೊಂದು ಕಂಪನಿಯದು ಒಂದೊಂದು ಅಳತೆ, ಒಂದೇ ಕಂಪನಿಯ ಎರಡು ಮಾಡೆಲ್‌ಗೂ ಅಳತೆ ಬೇರೆ. ಹಾಗಾಗಿ ಹಾಬೇ ಬೇಕು ಅಂತ ತೀರ್ಮಾನ ಆದರೂ, ಡಬ್ಬಿ ಮನೆಗೆ ಬಂದು, ಅದರೊಳಗಿನ ಅಳತೆ ಹಾಳೆ ಕಲ್ಲಿನ ಮೇಲೆ ಇಟ್ಟು ಗೆರೆ ಎಳೆದ ಮೇಲೆಯೇ ಕೊಯ್ಸಿ.

ಈಗ ವಿಷಯಕ್ಕೆ ಬರೋಣ. ಅಂಗಡಿಗೆ ಹೋಗುವ ಮುಂಚೆ ನಿಮ್ಮ ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು ನೆಲದ ಮೇಲೆ ಇಡಿ. ಕುಕ್ಕರ್, ಮುದ್ದೆ ಪಾತ್ರೆ, ಬಾಣಲೆ, ದೋಸೆ ಕಾವಲಿ, ಹಾಲಿನ ಪಾತ್ರೆ, ಒಗ್ಗರಣೆ ಸೌಟು. ಫ್ರಿಜ್ ಬಾಗಿಲ ಮೇಲಿನ ಒಂದು ಮ್ಯಾಗ್ನೆಟ್ ತಂದು ಒಂದೊಂದರ ತಳಕ್ಕೂ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿದ್ದು ಮಾತ್ರ ಇಂಡಕ್ಷನ್ ಮೇಲೆ ಕೆಲಸ ಮಾಡುತ್ತೆ. ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ, ತಾಮ್ರ, ಮಣ್ಣಿನ ಮಡಕೆ ಯಾವುದೂ ನಡೆಯಲ್ಲ. ಸ್ಟೀಲ್ ಅಂದರೆ ನಡೆಯುತ್ತೆ ಅಂತಲೂ ಇಲ್ಲ, ಒಳ್ಳೆ ಸ್ಟೀಲ್ ಪಾತ್ರೆಗಳಲ್ಲೇ ಎಷ್ಟೋ ಮ್ಯಾಗ್ನೆಟ್ ಹಿಡಿಯಲ್ಲ. ಕಾರಣ ಸುಲಭ. ಇಂಡಕ್ಷನ್ ಒಲೆ ತಾನು ಬಿಸಿ ಆಗಿ ಪಾತ್ರೆಗೆ ಶಾಖ ಕೊಡುವುದಲ್ಲ. ಗಾಜಿನ ಕೆಳಗಿನ ತಾಮ್ರದ ಸುರುಳಿ ಒಂದು ಕಾಂತಕ್ಷೇತ್ರ ಹುಟ್ಟಿಸುತ್ತೆ, ಅದರಿಂದ ಪಾತ್ರೆಯ ತಳವೇ ಕಾಯುತ್ತೆ. ಪಾತ್ರೆ ಎತ್ತಿದ ಕೂಡಲೇ ಶಾಖ ನಿಂತಿತು.

ನಿಮ್ಮ ಮಗಳು ಹೇಳುವುದರಲ್ಲಿ ತಪ್ಪೇನಿಲ್ಲ. ನೀರು ಕಾಯಿಸೋಕೆ, ಹಾಲು, ಕಾಫಿ, ಅನ್ನ, ಬೇಳೆ ಇವಕ್ಕೆಲ್ಲ ಇಂಡಕ್ಷನ್‌ಗೆ ಸಾಟಿ ಇಲ್ಲ. 2000 ವ್ಯಾಟ್ ಒಲೆಯಲ್ಲಿ ಒಂದು ಲೀಟರ್ ನೀರು ನಾಲ್ಕು ನಿಮಿಷದೊಳಗೆ ಕುದಿಯುತ್ತೆ. ಬೇಸಿಗೆಯಲ್ಲಿ ಅಡುಗೆಮನೆ ಬೆವರು ಹರಿಸಲ್ಲ. ಹಾಲು ಉಕ್ಕಿದರೆ ಒಂದು ಒದ್ದೆ ಬಟ್ಟೆ ಸಾಕು.

ಆದರೆ ನಿಮ್ಮ ಮನೆಯಲ್ಲಿ ಮುದ್ದೆ ಇದೆಯಲ್ಲ, ಅಲ್ಲೇ ತೊಂದರೆ. ಮುದ್ದೆ ತಿರುವುವುದು ಅಂದರೆ ಸೌಟು ಆಡಿಸಿದ ಹಾಗಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಭುಜದ ಬಲ ಹಾಕಿ ಪಾತ್ರೆ ಗೋಡೆಗೆ ಒತ್ತಿ ತಿರುವಬೇಕು. ನುಣುಪು ಗಾಜಿನ ಮೇಲೆ ಆ ಪಾತ್ರೆ ನಿಲ್ಲಲ್ಲ. ಕೋಲು ಒಂದು ಸುತ್ತು ತಿರುಗಿದರೆ ಪಾತ್ರೆಯೂ ಜೊತೆಗೇ ತಿರುಗುತ್ತೆ, ಸುಮ್ನೆ ಬುಗುರಿ ತರಹ. ಇಕ್ಕಳದಲ್ಲಿ ಹಿಡಿದರೆ ಒಂದು ಕಡೆ ಮೇಲೆ ಏಳುತ್ತೆ, ಎದ್ದ ಕೂಡಲೇ ಒಲೆ ಕುಯ್ ಅಂದು ಆಫ್ ಆಗುತ್ತೆ. ಕೆಳಗಿಳಿಸಿ ನೆಲದ ಮೇಲೆ ಕಾಲಲ್ಲಿ ಹಿಡಿದು ತಿರುವುವವರು ಇದ್ದಾರೆ, ಐದು ಜನರ ಮುದ್ದೆಯನ್ನು ದಿನಾ ಹಾಗೆ ಮಾಡು ಅಂತ 74 ವರ್ಷದವರಿಗೆ ಹೇಳೋಕೆ ನನಗಂತೂ ಧೈರ್ಯ ಇಲ್ಲ.

ಇನ್ನೂ ಚಿಕ್ಕ ಚಿಕ್ಕ ವಿಷಯಗಳಿವೆ. ಒಗ್ಗರಣೆ ಸೌಟಿನ ತಳ ತೀರಾ ಚಿಕ್ಕದು, ಇಂಡಕ್ಷನ್ ಅದನ್ನು ಪಾತ್ರೆ ಅಂತಲೇ ಒಪ್ಪಲ್ಲ. ಗುಂಡು ತಳದ ಬಾಣಲೆ ಕೂರಲ್ಲ. ಕಾವಲಿ ಕಬ್ಬಿಣದ್ದು, ಸಪಾಟಾಗಿದೆ ಅಂದರೂ, ಕೆಳಗಿನ ಸುರುಳಿ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ, ದೋಸೆ ನಡುವೆ ಕರಿ, ಅಂಚಿನಲ್ಲಿ ಬಿಳಿ. ಚಪಾತಿಯನ್ನು ಉರಿ ಮೇಲೆ ಉಬ್ಬಿಸೋದು, ಹಪ್ಪಳ ಸುಡೋದು, ಗೊಜ್ಜಿಗೆ ಬದನೆಕಾಯಿ ಸುಡೋದು ಎಲ್ಲ ಮರೆತುಬಿಡಬೇಕು. ಸಣ್ಣ ಉರಿಯದ್ದೂ ಒಂದು ಕಥೆ. ಕಡಿಮೆ ಬೆಲೆಯ ಇಂಡಕ್ಷನ್‌ನಲ್ಲಿ 300 ವ್ಯಾಟ್ ಅಂತ ಇಟ್ಟರೆ ಅದು ಒಂದೇ ಸಮ ಸಣ್ಣಗೆ ಉರಿಯಲ್ಲ. ಕೆಲವು ಸೆಕೆಂಡ್ ಜೋರಾಗಿ ಕಾದು, ಕೆಲವು ಸೆಕೆಂಡ್ ಸುಮ್ಮನಿದ್ದು, ಮತ್ತೆ ಜೋರು. ಪಾಯಸ ಕೊತಕೊತ ಅಂದು ತಟ್ಟನೆ ತಣ್ಣಗಾಗುತ್ತೆ. ಮೈಸೂರಿನಲ್ಲಿದ್ದುಕೊಂಡು ಮೈಸೂರ್ ಪಾಕ್‌ಗೆ ಅಂಥ ಒಲೆ ಹಚ್ಚಬೇಡಿ.

ಅಂಗಡಿಯವರು ಆಗ ಇನ್ಫ್ರಾರೆಡ್ ಅನ್ನುವ ಇನ್ನೊಂದು ಕರೆಂಟ್ ಒಲೆ ತೋರಿಸುತ್ತಾರೆ. ಯಾವ ಪಾತ್ರೆ ಬೇಕಾದರೂ ಇಡಿ ಮೇಡಂ ಅನ್ನುತ್ತಾರೆ. ನಿಜ, ತಳ ಸಪಾಟಾಗಿದ್ದರೆ ಯಾವುದಾದರೂ ನಡೆಯುತ್ತೆ. ಆದರೆ ಅದು ಕೆಂಪಗೆ ಕಾಯುವ ತಂತಿ, ಮೇಲೆ ಗಾಜು. ಕರೆಂಟ್ ಜಾಸ್ತಿ ಎಳೆಯುತ್ತೆ, ನಿಧಾನ, ಆಫ್ ಮಾಡಿದ ಮೇಲೂ ಎಷ್ಟೋ ಹೊತ್ತು ಗಾಜು ಸುಡುತ್ತಿರುತ್ತೆ. ನಾನು ಕೊಡಿಸಲ್ಲ.

ಖರ್ಚು ಯಾವುದರಲ್ಲಿ ಕಡಿಮೆ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲೇ ಲೆಕ್ಕ ಹಾಕಿಬಿಡೋಣ. 14.2 ಕೆಜಿ ಸಿಲಿಂಡರ್‌ನಲ್ಲಿರುವ ಶಾಖವನ್ನು ಕರೆಂಟ್ ಲೆಕ್ಕದಲ್ಲಿ ಹೇಳಿದರೆ ಸುಮಾರು 180 ಯೂನಿಟ್. ಐಎಸ್‌ಐ ಗುರುತಿನ ಸ್ಟೌವ್ ಪರೀಕ್ಷೆಯಲ್ಲಿ ಕನಿಷ್ಠ 68 ಪರ್ಸೆಂಟ್ ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕು. ಮನೆಯಲ್ಲಿ ಉರಿ ಪಾತ್ರೆ ಆಚೆ ಚಾಚುತ್ತೆ, ಗಾಳಿ ಬೀಸುತ್ತೆ, 60 ಸಿಕ್ಕರೆ ಪುಣ್ಯ. ಅಂದರೆ ಅಡುಗೆಗೆ ಒದಗುವುದು ಹತ್ತಿರ ಹತ್ತಿರ 110 ಯೂನಿಟ್. ಇಂಡಕ್ಷನ್‌ನಲ್ಲಿ 85 ಪರ್ಸೆಂಟ್ ಪಾತ್ರೆಗೆ ಹೋಗುತ್ತೆ ಅಂತ ಹಿಡಿದರೆ ಅದೇ ಅಡುಗೆಗೆ ಸುಮಾರು 130 ಯೂನಿಟ್ ಬೇಕು. ಯೂನಿಟ್‌ಗೆ 6 ರೂಪಾಯಿ ಅಂದುಕೊಂಡರೆ 780 ರೂಪಾಯಿ. ನಿಮ್ಮ ಬಿಲ್ಲಿನ ದರ ಹಾಕಿ, ಸಿಲಿಂಡರ್ ಬೆಲೆ ಪಕ್ಕದಲ್ಲಿ ಬರೆದು ನೋಡಿ. ಭಾರೀ ವ್ಯತ್ಯಾಸವೇನೂ ಕಾಣಲ್ಲ. ಆದರೆ ಗೃಹಜ್ಯೋತಿ ಇದ್ದರೆ ಹುಷಾರು. ನಿಮಗೆ ಗೊತ್ತುಮಾಡಿದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುವ ಮನೆಯವರು ಪೂರ್ತಿ ಇಂಡಕ್ಷನ್‌ಗೆ ಹೋದರೆ ತಿಂಗಳಿಗೆ ಎಂಬತ್ತು ತೊಂಬತ್ತು ಯೂನಿಟ್ ಸೇರಿಕೊಳ್ಳುತ್ತೆ. ಹಿಂದಿನ ಬಿಲ್ಲುಗಳನ್ನು ತೆಗೆದು ನೋಡಿ, ಎಲ್ಲಿಗೆ ಮುಟ್ಟುತ್ತೀರಿ ಅಂತ ಗೊತ್ತಾಗುತ್ತೆ.

ಕರೆಂಟ್ ಹೋದರೆ? ಮನೆಯ ಸಾಮಾನ್ಯ ಯುಪಿಎಸ್ 2000 ವ್ಯಾಟ್ ಎಳೆಯಲ್ಲ. ಅಷ್ಟೇ ಉತ್ತರ.

ಹಾಗಾದರೆ ಗ್ಯಾಸ್ ಇರಲೇಬೇಕು. ಇನ್ನು ಉಳಿದದ್ದು ಅತ್ತೆಯವರ ಸ್ಟೌವಾ, ಇಂಟೀರಿಯರ್‌ನವರ ಹಾಬಾ ಅನ್ನೋದು. ನೀವು ಬರೆದ ಆ ಹಾಲು ಉಕ್ಕಿದ ವಿಷಯ ಇಲ್ಲದಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಅತ್ತೆಯವರ ಪರ ನಿಲ್ಲುತ್ತಿದ್ದೆ. ಸ್ಟೀಲ್ ಸ್ಟೌವ್ ಒಡೆಯಲ್ಲ, ತೊಳೆಯೋಕೆ ಸುಲಭ, ಟ್ರೇ ಎಳೆದು ನಲ್ಲಿ ಕೆಳಗೆ ಹಿಡಿದರೆ ಆಯಿತು, ಬೀದಿ ಕೊನೆಯ ರಿಪೇರಿಯವನಿಗೂ ಅದು ಗೊತ್ತು. ಆದರೆ ಉರಿ ಆರಿ ಗ್ಯಾಸ್ ಹೋಗುತ್ತಿತ್ತು ಅನ್ನುವುದು ಸಣ್ಣ ಮಾತಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಮೇಲೆ ಹೋಗಿ ಕಿಟಕಿಯಲ್ಲಿ ಹೊರಟುಹೋಗಲ್ಲ, ನೆಲ ಹಿಡಿದು ಮೂಲೆಯಲ್ಲಿ ನಿಲ್ಲುತ್ತೆ. ಗಾಳಿಯಲ್ಲಿ ನೂರಕ್ಕೆ ಎರಡು ಭಾಗ ಸೇರಿದ್ದರೂ ಒಂದು ಕಿಡಿ ಸಾಕು.

ಇದಕ್ಕೆ ಮದ್ದು ಎಫ್‌ಎಫ್‌ಡಿ, ಫ್ಲೇಮ್ ಫೇಲ್ಯೂರ್ ಡಿವೈಸ್. ಬರ್ನರ್ ಪಕ್ಕ ಒಂದು ಪೆನ್ಸಿಲ್ ಮೊನೆಯಂಥ ಕಡ್ಡಿ ನಿಂತಿರುತ್ತೆ. ಉರಿಗೆ ಅದು ಕಾಯುತ್ತೆ, ಕಾದಾಗ ಒಂದಿಷ್ಟೇ ಇಷ್ಟು ಕರೆಂಟ್ ಹುಟ್ಟುತ್ತೆ, ಆ ಕರೆಂಟ್ ಒಳಗೆ ಒಂದು ಪುಟ್ಟ ವಾಲ್ವ್ ತೆರೆದು ಹಿಡಿದಿರುತ್ತೆ. ಉರಿ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತೆ. ಬ್ಯಾಟರಿ ಬೇಡ, ಮನೆ ಕರೆಂಟ್ ಬೇಡ. ಸಾಮಾನ್ಯ ಸ್ಟೌವ್‌ಗಳಲ್ಲಿ ಇದು ಸಿಗೋದು ಅಪರೂಪ, ಹಾಬ್‌ಗಳಲ್ಲಿ ಸಿಗುತ್ತೆ, ಎಲ್ಲದರಲ್ಲೂ ಅಲ್ಲ. ಇರುತ್ತೆ ಮೇಡಂ ಅಂತ ಅಂಗಡಿಯವನು ಹೇಳಿದರೆ ನಂಬಬೇಡಿ, ಎಲ್ಲ ಬರ್ನರ್‌ಗೂ ಆ ಕಡ್ಡಿ ಇದೆಯಾ ಕಣ್ಣಾರೆ ನೋಡಿ. ಕಿಡಿ ಹಾರಿಸುವ ಬಿಳಿ ಪಿಂಗಾಣಿ ಕಡ್ಡಿ ಬೇರೆ, ಇದು ಬೇರೆ.

ಇದರ ಎರಡು ಕಿರಿಕಿರಿಯನ್ನೂ ಈಗಲೇ ಹೇಳಿಬಿಡುತ್ತೇನೆ. ಹಚ್ಚಿದ ಮೇಲೆ ನಾಬ್ ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿದಿರಬೇಕು, ಬೇಗ ಬಿಟ್ಟರೆ ಆರಿಹೋಗುತ್ತೆ. ಮೊದಲ ವಾರ ಅತ್ತೆಯವರು "ಹೊಸ ಒಲೆ ಹತ್ತೋದೇ ಇಲ್ಲ, ದುಡ್ಡು ದಂಡ" ಅಂತಾರೆ. ಪಕ್ಕದಲ್ಲಿ ನಿಂತು ಒಂದು, ಎರಡು, ಮೂರು, ನಾಲ್ಕು ಎಣಿಸಿ ಅಭ್ಯಾಸ ಮಾಡಿಸಿ. ಇನ್ನೊಂದು, ಸಾರು ಉಕ್ಕಿ ಆ ಕಡ್ಡಿಯ ಮೇಲೆ ಒಣಗಿ ಹತ್ತಿಕೊಂಡರೆ ಅದು ಸರಿಯಾಗಿ ಕಾಯಲ್ಲ, ಒಲೆ ಪದೇ ಪದೇ ಆರುತ್ತೆ. ಒಲೆ ತಣ್ಣಗಿರುವಾಗ ಒದ್ದೆ ಬಟ್ಟೆಯಲ್ಲಿ ತುದಿ ಒರೆಸಿದರೆ ಸಾಕು. ಇಷ್ಟಕ್ಕೇ ಸರ್ವಿಸ್‌ನವರನ್ನು ಕರೆದು ದುಡ್ಡು ಕೊಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆ ದುಡ್ಡು ಇಸಿದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಒಂದು ನೆನಪಿಡಿ. ಉರಿ ಉರಿಯುತ್ತಲೇ ಇದ್ದು ಪಾತ್ರೆ ಸೀದರೆ ಎಫ್‌ಎಫ್‌ಡಿ ಏನೂ ಮಾಡಲ್ಲ. ಟೈಮರ್ ಇರುವ ಮಾಡೆಲ್‌ಗಳಿವೆ, ಬೇಕಿದ್ದರೆ ನೋಡಿ.

ಹಾಗಾಗಿ ನನ್ನ ಮಾತು ಇದು. ನಾಲ್ಕು ಬರ್ನರ್ ಬೇಡ, ಮೂರರದ್ದು ತೆಗೆದುಕೊಳ್ಳಿ, ಎಲ್ಲಕ್ಕೂ ಎಫ್‌ಎಫ್‌ಡಿ ಇರಲಿ, ಮತ್ತು ಹಾಬ್‌ಟಾಪ್ ಅಂತ ಕೇಳಿ. ಅಂದರೆ ಕಲ್ಲು ಕೊಯ್ಯದೆ ಮೇಲೇ ಕೂರಿಸಬಹುದಾದದ್ದು, ಬೇಕಾದರೆ ಆಮೇಲೆ ಕೊಯ್ದು ಒಳಗೂ ಇಳಿಸಬಹುದು. ನಾಲ್ಕು ಬರ್ನರ್ ಯಾಕೆ ಬೇಡ ಅಂದರೆ, ಅಂಗಡಿಯಲ್ಲಿ ಖಾಲಿ ಇರುವಾಗ ಚೆನ್ನಾಗಿ ಕಾಣುತ್ತೆ, ಮನೆಯಲ್ಲಿ ಐದು ಲೀಟರ್ ಕುಕ್ಕರ್ ಪಕ್ಕ ಬಾಣಲೆ ಇಟ್ಟ ಮೇಲೆ ಹಿಂದಿನ ಎರಡಕ್ಕೆ ಕೈ ಹೋಗಲ್ಲ. ಹಿಂದಿನ ಬರ್ನರ್‌ಗೆ ಕೈ ಚಾಚುವಾಗ ಮುಂದಿನ ಉರಿಗೆ ಸೀರೆ ಸೆರಗು ತಗುಲುತ್ತೆ. ಅಂಗಡಿಗೆ ಹೋಗುವಾಗ ನಿಮ್ಮ ಕುಕ್ಕರ್ ಮತ್ತು ಬಾಣಲೆ ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಚಿಕೆ ಬೇಡ. ಎರಡನ್ನೂ ಒಟ್ಟಿಗೆ ಇಟ್ಟು ಹಿಡಿಕೆಗಳು ತಾಗುತ್ತವಾ ನೋಡಿ. ಕಾಫಿ ಮಾಡುವ ಪುಟ್ಟ ಪಾತ್ರೆಯನ್ನೂ ಇಟ್ಟು ನೋಡಿ, ಸ್ಟ್ಯಾಂಡ್‌ನ ಕಡ್ಡಿಗಳು ದೂರ ದೂರ ಇದ್ದರೆ ಅದು ವಾಲುತ್ತೆ. ಸ್ಟ್ಯಾಂಡ್ ಎರಕದ ಕಬ್ಬಿಣದ್ದೇ ಇರಲಿ, ಮುದ್ದೆ ತಿರುವುವಾಗ ಅದರ ಭಾರವೇ ಪಾತ್ರೆಯನ್ನು ಹಿಡಿಯುವುದು. ತಗಡು ಬಾಗಿಸಿ ಮಾಡಿದ ಸ್ಟ್ಯಾಂಡ್ ಒಂದು ವರ್ಷದಲ್ಲಿ ಲಟಪಟ ಅನ್ನುತ್ತೆ. ಬರ್ನರ್ ಹಿತ್ತಾಳೆಯದ್ದು ತೆಗೆದುಕೊಳ್ಳಿ.

ಗ್ಲಾಸಾ, ಸ್ಟೀಲಾ? ಸ್ಟೀಲ್ ಮೇಲ್ಮೈ ಸಿಕ್ಕರೆ ಸ್ಟೀಲ್. ಟಫನ್ಡ್ ಗ್ಲಾಸ್ ಗಟ್ಟಿ ಹೌದು, ಆದರೆ ಒಡೆದರೆ ಬಿರುಕು ಬಿಡಲ್ಲ, ಒಂದೇ ಸಲ ಪುಡಿ. ದೊಡ್ಡ ಬಾಣಲೆ ಬರ್ನರ್ ಪೂರ್ತಿ ಮುಚ್ಚಿ ಗಂಟೆಗಟ್ಟಲೆ ಕರಿಯುತ್ತಿದ್ದರೆ ಶಾಖ ಕೆಳಗೇ ಮಗುಚಿ ಗಾಜಿಗೆ ಬಡಿಯುತ್ತೆ. ಅಂಚಿಗೆ ಕುಕ್ಕರ್ ತಗುಲಿ ಕಣ್ಣಿಗೆ ಕಾಣದ ಪೆಟ್ಟು ಬಿದ್ದಿರುತ್ತೆ. ಯಾವತ್ತೋ ಒಂದು ದಿನ ಪಟಾರ್. ಗ್ಲಾಸೇ ಬೇಕು ಅಂದರೆ 8 ಮಿಲಿಮೀಟರ್ ದಪ್ಪದ್ದು ನೋಡಿ, ಬಿಸಿ ಇರುವಾಗ ತಣ್ಣೀರು ಬಟ್ಟೆ ಹಾಕಬೇಡಿ.

ಎತ್ತರಕ್ಕೆ ಬರೋಣ, ಗ್ರಾನೈಟ್‌ನವರು ಕಾಯುತ್ತಿರುತ್ತಾರೆ. ಕಾಂಟ್ರಾಕ್ಟರ್‌ಗಳು ಎಲ್ಲರಿಗೂ 33, 34 ಇಂಚು ಕಟ್ಟೆ ಮಾಡಿಬಿಡುತ್ತಾರೆ. ತರಕಾರಿ ಹೆಚ್ಚೋಕೆ ನಿಮಗೆ ಅದು ಸರಿ. ಆದರೆ ಅದರ ಮೇಲೆ ನಾಲ್ಕೈದು ಇಂಚಿನ ಸ್ಟೌವ್, ಅದರ ಮೇಲೆ ಮುದ್ದೆ ಪಾತ್ರೆ, ಅದರೊಳಗೆ ಕೋಲು ಅಂದರೆ ಐದಡಿಯ ನಿಮ್ಮ ಕೈ ಭುಜದ ಮಟ್ಟಕ್ಕೆ ಏಳುತ್ತೆ. ಬಲ ಹಾಕೋಕೆ ಆಗಲ್ಲ, ರಾತ್ರಿ ಕತ್ತು ನೋವು. ಒಲೆ ಇರುವ ಮೂರೂವರೆ ಅಡಿ ಜಾಗವನ್ನು ಮಾತ್ರ 30 ಇಂಚಿಗೆ ಇಳಿಸಿ. ಕಟ್ಟೆಯ ಗೋಡೆ ಆಗಲೇ ಎದ್ದಿದ್ದರೆ ಒಂದು ವರಸೆ ತೆಗೆಸಿ, ಅರ್ಧ ದಿನದ ಕೆಲಸ. ಇಂಟೀರಿಯರ್‌ನವರಿಗೆ ಇಷ್ಟ ಆಗಲ್ಲ, ಫೋಟೋದಲ್ಲಿ ಗೆರೆ ಒಂದೇ ಸಮ ಬರಲ್ಲ ಅಂತಾರೆ. ಮುದ್ದೆ ತಿರುವುವುದು ಅವರಲ್ಲವಲ್ಲ.

ಒಲೆ ಕೆಳಗಿನ ಬೀರು ಪೂರ್ತಿ ಮುಚ್ಚಿಸಬೇಡಿ, ಬಾಗಿಲ ಕೆಳಭಾಗದಲ್ಲಿ ಜಾಲರಿ ಬಿಡಿಸಿ. ಗ್ಯಾಸ್ ಸೋರಿದರೆ ಹೊರಗೆ ಬಂದು ವಾಸನೆ ಗೊತ್ತಾಗಬೇಕು. ನಿಮ್ಮ ಬೀದಿಗೆ ಪೈಪ್ ಗ್ಯಾಸ್ ಬರುವ ಸೂಚನೆ ಇದ್ದರೆ ಮೇಲ್ಭಾಗದಲ್ಲೂ ಒಂದು ಜಾಲರಿ ಇರಲಿ, ಆ ಗ್ಯಾಸ್ ಗಾಳಿಗಿಂತ ಹಗುರ, ಮೇಲೇರುತ್ತೆ. ಆಗ ಒಲೆಯಲ್ಲಿ ಗ್ಯಾಸ್ ಹೊರಬರುವ ಜೆಟ್ಟುಗಳನ್ನೂ ಬದಲಿಸಬೇಕು, ಪೈಪ್ ಗ್ಯಾಸಿಗೆ ದೊಡ್ಡ ತೂತಿನ ಜೆಟ್ ಬೇಕು. ನಿಮ್ಮ ಮಾಡೆಲ್‌ಗೆ ಆ ಜೆಟ್ ಸಿಗುತ್ತಾ ಅಂತ ಕೊಳ್ಳುವಾಗಲೇ ಕೇಳಿ. ಜೆಟ್ ಬದಲಿಸದೆ ಹಳೆಯದನ್ನೇ ಡ್ರಿಲ್ ಹಾಕಿ ದೊಡ್ಡದು ಮಾಡುವವರನ್ನು ಮನೆಯೊಳಗೆ ಬಿಡಬೇಡಿ.

ಮಗಳಿಗೂ ಅವಳ ಪಾಲು ಕೊಡಿ. ಇಳಿಸದ ಕಟ್ಟೆಯ ಮೇಲೆ, ಸಿಂಕ್‌ನಿಂದ ದೂರ, ಎರಡು 16 ಆಂಪ್ ಪಾಯಿಂಟ್ ಹಾಕಿಸಿ, ಅಲ್ಲಿಗೆ ಬೋರ್ಡಿನಿಂದ ಬೇರೆಯೇ 4 ಎಂಎಂ ವೈರ್ ಎಳೆಸಿ. ಈಗ ಗೋಡೆ ಒಡೆದಿದೆ, ಖರ್ಚು ಕಡಿಮೆ. 2000 ವ್ಯಾಟ್ ಅಂದರೆ ಸುಮಾರು ಒಂಬತ್ತು ಆಂಪ್, ಮಿಕ್ಸಿಯ ಚಿಕ್ಕ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಓಡಿಸಿದರೆ ಪ್ಲಗ್ ಕರಗಿ ಹಳದಿ ತಿರುಗುತ್ತೆ. ಒಂದೇ ಒಂದು ಬಿಡಿ ಇಂಡಕ್ಷನ್ ತನ್ನಿ, ಹಾಲು, ನೀರು, ಕಾಫಿ ಎಲ್ಲ ಅದರ ಮೇಲೆ. ಮುಂದೆ ಎರಡು ಬೇಕಾದರೆ ಪಾಯಿಂಟ್ ಇದ್ದೇ ಇದೆ. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಡಾಕ್ಟರನ್ನು ಕೇಳಿ ತನ್ನಿ.

ಅತ್ತೆಯವರ ಹಳೇ ಸ್ಟೌವ್ ಬಿಸಾಡಬೇಡಿ. ಒಬ್ಬಟ್ಟು, ಚಕ್ಕುಲಿ, ಹಬ್ಬದ ಕರಿಯುವ ಕೆಲಸಕ್ಕೆ ಯುಟಿಲಿಟಿಯಲ್ಲಿ ಇರಲಿ, ಅವರಿಗೂ ಸಮಾಧಾನ. ಅಲ್ಲಿಗೆ ತಾಮ್ರದ ಪೈಪಿನಲ್ಲಿ ಇನ್ನೊಂದು ಲೈನ್, ಅದಕ್ಕೇ ಬೇರೆ ವಾಲ್ವ್ ಹಾಕಿಸಿ. ರಬ್ಬರ್ ಪೈಪನ್ನು ಗೋಡೆ ತೂರಿಸಿ ಎಳೆಯಬೇಡಿ. ಎರಡೂ ಒಲೆಗೆ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಹಾಕಿ. ಅದರ ಮೇಲೆ ತಾರೀಖು ಅಚ್ಚಾಗಿರುತ್ತೆ, ಐದು ವರ್ಷ ಆದ ಮೇಲೆ ಬದಲಿಸಬೇಕು. ನಿಮ್ಮ ಅತ್ತೆಯವರ ಸ್ಟೌವ್‌ನದ್ದು ಈಗಲೇ ಹೋಗಿ ನೋಡಿ, ನನ್ನ ಅನುಭವದಲ್ಲಿ ಹತ್ತು ಮನೆಗೆ ಏಳರಲ್ಲಿ ಆ ತಾರೀಖು ದಾಟಿರುತ್ತೆ.